ಅಣ್ಣನ ಬೋರ್ಡು ಅಕ್ಕನ ಬೋರ್ಡಾದದ್ದು

ಬೋರ್ಡ್ ಬರೆಯುವ ಕೆಲಸಕ್ಕೆ ಬರುವ ಹುಡುಗರು ಮೊದಲು ಅಕ್ಷರ ಕಲಿಸಿ ಎನ್ನುತ್ತಾರೆ. ಅಕ್ಷರ ಬೇಗ ಬರುತ್ತದೆ. ಬೇಗ ಬಾರದಿರುವುದು ಅಳಿಸುವ ಕೆಲಸ. ಈ ಕೈ ಎಷ್ಟು ಹೆಸರು ಬರೆದಿದೆಯೋ ಹೆಚ್ಚುಕಡಿಮೆ ಅಷ್ಟನ್ನೇ ಅಳಿಸಿಯೂ ಇದೆ. ಪಾರ್ಟಿ ಬದಲಾಯಿಸಿದವರು, ಪಾಲುದಾರನ ಜೊತೆ ಜಗಳವಾಡಿದವರು, ತಮ್ಮನ ಹೆಸರು ಬೇಡವಾದ ಅಣ್ಣಂದಿರು ಎಲ್ಲರೂ ಬರುತ್ತಾರೆ. ಬರೆಸುವಾಗ ಚಹಾ ಕುಡಿಸಿ, ಕುರ್ಚಿ ಹಾಕಿ ಮಾತಾಡಿಸುತ್ತಾರೆ. ಅಳಿಸುವಾಗ ಬಾಗಿಲಲ್ಲೇ ನಿಂತು ಜಲ್ದಿ ಜಲ್ದಿ ಎನ್ನುತ್ತಾರೆ. ಒಬ್ಬ ಮನುಷ್ಯ ಎಂಥವನು ಅಂತ ತಿಳಿಯಬೇಕಾದರೆ ಅವನು ಏನನ್ನು ಬರೆಸಿದ ಅಂತ ನೋಡಬೇಡಿ, ಏನನ್ನು ಅಳಿಸು ಅಂದ ಅಂತ ಕೇಳಿ.

ಈಗ ಕೈ ನಡುಗುತ್ತದೆ. ಬ್ರಷ್ ಇಟ್ಟುಬಿಟ್ಟಿದ್ದೇನೆ. ರಾಯಚೂರಿನ ಗಡಿಯಾಚೆ, ತೆಲುಗು ನಾಡಿನ ನಾರಾಯಣಪೇಟೆಯ ಮನೆಯಲ್ಲಿ ಕೂತು ಫೋನಿನ ಮೇಲೆ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕೆಲಸದಲ್ಲಿ ಪ್ರಮೋಷನ್ ಅಂತ ಏನೂ ಇಲ್ಲ, ಆದ್ದರಿಂದ ರಿಟೈರಾದ ಸಾಹೇಬರಂತೆ ಅದನ್ನು ಬರೆಯುವ ಕಷ್ಟವೂ ಇಲ್ಲ. ಮೇಲಧಿಕಾರಿ ಮಾತ್ರ ಒಬ್ಬರಿದ್ದರು, ನಮ್ಮ ಉಸ್ತಾದರು. ಅವರು ಒಂದೇ ಬೋರ್ಡಿನಲ್ಲಿ ಉರ್ದುವನ್ನು ಬಲಗಡೆಯಿಂದ, ತೆಲುಗನ್ನು ಎಡಗಡೆಯಿಂದ ಶುರು ಮಾಡಿ ಎರಡನ್ನೂ ನಡುವೆ ತಂದು ಕೂಡಿಸುತ್ತಿದ್ದರು. ನನಗೆ ಆಗ ಓದು ಬರುತ್ತಿರಲಿಲ್ಲ. ಅವರು ಚೀಟಿಯಲ್ಲಿ ಬರೆದುಕೊಟ್ಟ ಅಕ್ಷರಗಳನ್ನು ಚಿತ್ರ ಬರೆದಂತೆ ಬರೆಯುತ್ತಿದ್ದೆ. ಒಮ್ಮೆ ಒಂದು ಕಿರಾಣಿ ಅಂಗಡಿಯ ಚೀಟಿಯ ಕೆಳಗೆ ಅವರು 'ಜಲ್ದಿ ಬೇಕು' ಎಂದು ನನಗಾಗಿ ಬರೆದಿದ್ದರು. ನಾನು ಅದನ್ನೂ ದಪ್ಪ ಅಕ್ಷರದಲ್ಲಿ ಬೋರ್ಡಿಗೆ ಏರಿಸಿದೆ. ಅಂಗಡಿಯವರು ನಕ್ಕು ಹಾಗೇ ಇಟ್ಟುಕೊಂಡರು. ಉಸ್ತಾದರು ನಗಲಿಲ್ಲ. ಬ್ರಷ್ಷಿನ ಹಿಡಿಯಿಂದ ನನ್ನ ಬೆರಳಿಗೆ ಒಂದು ಕೊಟ್ಟು, "ಹರ್ಫಾಂ ಕೀ ತಸ್ವೀರಾಂ ನಕ್ಕೊ ಉತಾರ್ ರೇ ಬಾಲಪ್ಪ, ಪಡ್ನಾ ಸೀಕ್" ಎಂದರು. ಅಕ್ಷರದ ಚಿತ್ರ ಇಳಿಸಬೇಡ, ಓದೋದು ಕಲಿ ಅಂತ. ಮದುವೆಯಾದ ಮೇಲೆ ರಾತ್ರಿ ಶಾಲೆಗೆ ಹೋದದ್ದು ಆ ಏಟಿನಿಂದ.

ಆಮೇಲೆ ಸಿನಿಮಾ ಕಟೌಟ್‌ಗಳ ಕಾಲ ಬಂತು. ಗದ್ವಾಲಿನ ಟಾಕೀಸಿಗೆ ನಾನೇ ಬರೆಯುತ್ತಿದ್ದೆ. ಆಗಿನ ದೊಡ್ಡ ಹೀರೊ ರುದ್ರತೇಜ. ಒಂದೇ ಏಟಿಗೆ ಹತ್ತು ಮಂದಿ ಹಾರಿಬೀಳುವ ಫೈಟಿನವರು. ಅವರ ಮೀಸೆಗೇ ಅರ್ಧ ಡಬ್ಬಿ ಕಪ್ಪು ಬಣ್ಣ ಹೋಗುತ್ತಿತ್ತು. ಕಟೌಟಿಗೆ ಹಾಲು ಸುರಿಯುವವರು ನನ್ನ ಬಣ್ಣ ಒಣಗುವ ತನಕವೂ ಕಾಯುತ್ತಿರಲಿಲ್ಲ. ಮಕ್ತಲಿನ ಅಭಿಮಾನಿ ಸಂಘದ ಅಧ್ಯಕ್ಷ ಶೇಖರ ತನ್ನ ಮುಂಗೈ ಮೇಲೆ ಆ ಹೆಸರಿನ ಹಚ್ಚೆ ಹಾಕಿಸಿಕೊಂಡಿದ್ದ. ಅವನ ಹೆಂಡತಿಯ ಹೆಸರು ಆ ಕೈಯಲ್ಲೂ ಇಲ್ಲ, ಈ ಕೈಯಲ್ಲೂ ಇಲ್ಲ.

ಕೆಲವು ವರ್ಷ ರುದ್ರತೇಜ ಸಿನಿಮಾ ಮಾಡಲಿಲ್ಲ, ಎಲ್ಲೂ ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಒಂದೇ ವಿಡಿಯೋ. ಅವರು ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದರು. ಚಿಕ್ಕಂದಿನಿಂದ ನಾನು ಒಳಗೆ ಹೆಣ್ಣೇ, ಈಗ ಡಾಕ್ಟರರ ಸಹಾಯದಿಂದ ಹೊರಗೂ ಹಾಗೆ ಆಗಿದ್ದೇನೆ, ನನ್ನ ಹೆಸರು ತೇಜಸ್ವಿನಿ, ಇನ್ನು ಹಾಗೆ ಕರೆಯಿರಿ ಎಂದರು. ಅಷ್ಟೇ. ಬೇರೆ ಏನನ್ನೂ ಯಾರಿಂದಲೂ ಕೇಳಲಿಲ್ಲ.

ನಮ್ಮ ಊರುಗಳು ಬಿದ್ದು ಒದ್ದಾಡಿದವು. ಸ್ವಂತ ಅತ್ತೆ ಸತ್ತಾಗ ಕಣ್ಣು ಒದ್ದೆಯಾಗದವರು ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ನಮಗ ಮೋಸ ಆತು" ಎಂದು ಮೂಗು ಒರೆಸಿಕೊಂಡರು. ಇವರಿಗೆ ಏನು ಮೋಸ? ಇವರ ಹೊಲವನ್ನೇನು ಅವರು ಬರೆಸಿಕೊಂಡಿದ್ದರೇ? ಛೀ ಅನ್ನುವುದು, ಮತ್ತೆ ಅದೇ ವಿಡಿಯೋ ಹಚ್ಚುವುದು. ಇನ್ನೊಮ್ಮೆ ಛೀ ಅನ್ನುವುದು, ಪಕ್ಕದವನಿಗೂ ಕಳಿಸುವುದು. ಮಂಗಳವಾರ ಎಲ್ಲಮ್ಮನ ಕೊಡ ಹೊತ್ತು ಸೀರೆಯುಟ್ಟ ಜೋಗಪ್ಪ ಬಾಗಿಲಿಗೆ ಬಂದರೆ ಕಾಲಿಗೆ ಬಿದ್ದು ಹಣೆಗೆ ಭಂಡಾರ ಹಚ್ಚಿಸಿಕೊಳ್ಳುವ ಮನೆಯವರೇ ಇವರು. ಭಂಡಾರ ಹಣೆಯ ಮೇಲೆ ಹಾಗೇ ಇತ್ತು, ಬಾಯಲ್ಲಿ ಹೊಲಸು ಮಾತು. ನನಗೂ ಎಲ್ಲ ಅರ್ಥವಾಯಿತು ಅಂತ ಹೇಳುವುದಿಲ್ಲ. ಅರ್ಥವಾಗದಿದ್ದರೆ ಸುಮ್ಮನಿರಬಹುದಲ್ಲ? ಆ ವಿದ್ಯೆ ನಮ್ಮ ಕಡೆ ಯಾರೂ ಕಲಿಸುವುದಿಲ್ಲ.

ನನಗೆ ಮಾತ್ರ ಕೆಲಸವೇ ಕೆಲಸ. ಆ ಹೆಸರು, ಆ ಮುಖ ಇದ್ದ ಗೋಡೆ ಬಾಗಿಲುಗಳೆಲ್ಲ ನಾನು ಬರೆದವೇ ತಾನೆ.

ಮೊದಲು ಬಂದವನು ನಾರಾಯಣಪೇಟೆಯ ಕ್ಷೌರದಂಗಡಿಯ ತಿಪ್ಪಣ್ಣ. ಅವನ ಗಾಜಿನ ಬಾಗಿಲ ಮೇಲೆ ರುದ್ರತೇಜನ ಮುಖ ಬರೆದಿದ್ದೆ.

"ಬಾಲಪ್ಪಣ್ಣ, ಆ ಮುಖ ಒರಸಿಬಿಡು. ಬಂದೋರೆಲ್ಲ ನಗಾಕತ್ಯಾರ."

"ಒರಸ್ತೀನಿ ತಗೋ" ಎಂದು ಸೀಮೆಎಣ್ಣೆ ಬಟ್ಟೆ ತೆಗೆದೆ.

"ಮೀಸಿ ಮುಟ್ಟಬ್ಯಾಡ ಮತ್ತ."

"ಮುಖ ಬ್ಯಾಡ, ಮೀಸಿ ಬೇಕಾ?"

"ಮುಖ ಅವಂದು. ಮೀಸಿ ನನ್ನ ಅಂಗಡೀದು. ಅದನ್ನ ನೋಡಿ ಗಿರಾಕಿ ಬರ್ತಾರ."

ಹೇಳಿದ ಹಾಗೆ ಮಾಡಿದೆ. ಕಣ್ಣಿಲ್ಲ, ಮೂಗಿಲ್ಲ, ತುಟಿಯಿಲ್ಲ. ಗಾಜಿನ ನಡುವೆ ಒಂದು ಮೀಸೆ ಮಾತ್ರ ತೇಲುತ್ತಿತ್ತು. ಒಳಗೆ ಕುರ್ಚಿಯಲ್ಲಿ ಕೂತವನ ಮುಖಕ್ಕೆ ಬೀದಿಯಿಂದ ನೋಡಿದರೆ ಅದು ಸರಿಯಾಗಿ ಬಂದು ಅಂಟಿಕೊಳ್ಳುತ್ತಿತ್ತು. ಒಮ್ಮೆ ತಿಪ್ಪಣ್ಣನ ಹೆಂಡತಿ ಬುತ್ತಿ ತಂದು ಅದೇ ಕುರ್ಚಿಯಲ್ಲಿ ಕೂತಾಗ ಇಡೀ ಬೀದಿ ನೋಡಿತು. ಆ ಸಂಜೆ ಮೀಸೆಯನ್ನೂ ಒರೆಸಲು ತಿಪ್ಪಣ್ಣ ಓಡಿಬಂದ.

ಗದ್ವಾಲಿನ ಒಬ್ಬ ಸೀರೆ ವ್ಯಾಪಾರಿಯದು ಇನ್ನೊಂದು ನಮೂನೆ. ಅವರ ಗೋಡೆಯ ಮೇಲೆ ರುದ್ರತೇಜ ಪಂಚೆಯುಟ್ಟು ನಿಂತ ಚಿತ್ರವಿತ್ತು. ಸುದ್ದಿ ಬಂದ ದಿನವೇ ಸುಣ್ಣ ಬಳಿಸಿದರು. "ನಮ್ದು ಇಜ್ಜತ್ತಿನ ವ್ಯಾಪಾರ ಐತ್ರಿ" ಎಂದರು. ಸ್ವಲ್ಪ ಸಮಯ ಕಳೆದ ಮೇಲೆ ತೇಜಸ್ವಿನಿಯವರು ಗದ್ವಾಲ್ ಸೀರೆಯುಟ್ಟ ಒಂದು ಫೋಟೋ ಬಂತು. ಮಾವಿನೆಲೆ ಬಣ್ಣದ ಒಡಲು, ಕುಂಕುಮದ ಅಂಚು. ಹೆಂಗಸರು ಅಂಗಡಿಗೆ ಬಂದು ಫೋನು ತೋರಿಸಿ ಅದೇ ಸೀರೆ ಕೊಡಿ ಎನ್ನತೊಡಗಿದರು. ವ್ಯಾಪಾರಿ ನನಗೆ ಫೋನ್ ಮಾಡಿದರು.

"ಪೇಂಟರ್ ಸಾಬ್, ಆ ಸೀರಿ ಗ್ವಾಡಿ ಮ್ಯಾಲ ಬರೀಬೇಕಿತ್ತು."

"ಉಟ್ಟವರನ್ನೂ ಬರೀಲೇನ್ರಿ?"

"ಸೀರಿ ಇರ್ಲಿ. ಹೆಸರು ಬ್ಯಾಡ."

"ಮುಖ?"

"ಅಯ್ಯೋ, ಮುಖ ಯಾಕ್ರಿ! ಮುಖ ಬ್ಯಾಡೇ ಬ್ಯಾಡ."

ಕುತ್ತಿಗೆ ತನಕ ಬರೆದು ನಿಲ್ಲಿಸಿದೆ. ಒಬ್ಬನಿಗೆ ಮೀಸೆ ಬೇಕು, ಇನ್ನೊಬ್ಬರಿಗೆ ಸೀರೆ ಬೇಕು, ಮುಖ ಮಾತ್ರ ಯಾರಿಗೂ ಬೇಡ. ಸೀರೆ ಚೆನ್ನಾಗಿ ಹೋಯಿತೆಂದು ಕೇಳಿದೆ.

ಶೇಖರನೂ ಬಂದಿದ್ದ, ಅಂಗಿಯ ತೋಳು ಕೆಳಗೆ ಇಳಿಸಿಕೊಂಡು. ಹಚ್ಚೆಯ ಮೇಲೆ ಏನಾದರೂ ಬಳಿಯಬಹುದೇ ಎಂದು ಕೇಳಿದ. "ಚರ್ಮದ ಮ್ಯಾಲ ಎನಾಮೆಲ್ ಹಿಡಿಯಂಗಿಲ್ಲಪ್ಪ" ಎಂದೆ. ಅವನು ನಗಲಿಲ್ಲ. "ಹಂಗಾರ ಬೋರ್ಡಿಗೆ ಹಿಡಿತೈತಲ್ಲ? ನಾಳೆ ಮಕ್ತಲ್‌ಗೆ ಬಾ. ಚೆನ್ನವ್ವನ ಮೆಸ್ಸಿಂದು ಒರಸೋದೈತಿ" ಎಂದ.

ಚೆನ್ನವ್ವನ ಬಗ್ಗೆ ಸ್ವಲ್ಪ ಹೇಳಬೇಕು. ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ತಗಡಿನ ಕೆಳಗೆ ಊಟದ ಮೆಸ್ ನಡೆಸುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಆ ಮೆಸ್ಸೇ ಜೀವನ. ಜಾಗ ಶೇಖರನ ಮಾವನದು. ಹಿಂದೆ ಜೂರಾಲ ಡ್ಯಾಮಿನ ಹತ್ತಿರ ರುದ್ರತೇಜನ ಶೂಟಿಂಗ್ ನಡೆದಾಗ ಈಕೆ ಅಲ್ಲಿಗೆ ರೊಟ್ಟಿ ಬಡಿಯಲು ಹೋಗಿದ್ದಳು. ಹೀರೊ ಈಕೆಯ ಒಲೆಯ ಪಕ್ಕ ನೆಲದ ಮೇಲೆ ಕೂತು ಪುಂಡಿಪಲ್ಯ ಉಂಡರಂತೆ. ಮಕ್ತಲ್‌ಗೆ ಬಂದು ಮೆಸ್ ಹಾಕಿದಾಗ ಅವರ ಹೆಸರೇ ಬೇಕೆಂದಳು. ನಾನು ಮೇಲೆ ತೆಲುಗಿನಲ್ಲಿ, ರಾಯಚೂರು ಲಾರಿಯವರಿಗಾಗಿ ಕೆಳಗೆ ಕನ್ನಡದಲ್ಲಿ 'ರುದ್ರ ಅನ್ನ ಮೆಸ್' ಎಂದು ಬರೆದೆ. ತೆಲುಗಿನವರು ಅಣ್ಣನಿಗೆ 'ಅನ್ನ' ಎಂದೇ ಬರೆಯುತ್ತಾರೆ. ಮೇಲಿನ ಸಾಲನ್ನು ನೋಡುತ್ತಾ ನಾನು ಕೆಳಗೂ ಹಾಗೇ ಇಳಿಸಿದ್ದೆ. ರಾಯಚೂರಿನವರು ಓದಿ, ರುದ್ರ ಅನ್ನ ಅಂದರೆ ಯಾವ ಅಕ್ಕಿ ಎಂದು ಕೇಳುತ್ತಿದ್ದರು. ತಿದ್ದುತ್ತೇನೆ ಎಂದರೆ ಚೆನ್ನವ್ವ ಬಿಡಲಿಲ್ಲ. "ಇರ್ಲಿ ಬಿಡಣ್ಣ, ಅನ್ನಾನೂ ಹಾಕ್ತೀನಲ್ಲ" ಎಂದಳು.

ಮರುದಿನ ನಾನು ಏಣಿ, ಬಣ್ಣ ಹಿಡಿದು ಮಕ್ತಲ್‌ಗೆ ಹೋದಾಗ ಶೇಖರ ಆಗಲೇ ಅಲ್ಲಿ ನಿಂತು ಚೆನ್ನವ್ವನಿಗೆ ಹೇಳುತ್ತಿದ್ದ:

"ನೋಡವ್ವಾ, ಅವಾ ಇನ್ನ ನಮಗ ಅನ್ನ ಅಲ್ಲ. ಬೋರ್ಡಿನ್ಯಾಗಿಂದು ಅನ್ನ ತೆಗಿ. ತೆಗೀಲಿಲ್ಲಂದ್ರ ಜಾಗಾ ಖಾಲಿ ಮಾಡು. ಮಾವಗ ಹೇಳೀನಿ."

ಚೆನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಮಾವ ಏನಂದ?"

"ನಾ ಹೇಳಿದ್ದನ್ನ ಅವನೂ ಹೇಳ್ತಾನ."

"ಅನ್ನ ತೆಗದ್ರ ಆತಲ್ಲ?"

"ಆತು. ಅಷ್ಟ ಮಾಡು."

"ಉಂಡು ಹೋಗ್ರಿ ಹಂಗಾರ, ಎಲ್ಲಾರೂ ಕೂಡ್ರಿ."

ಸುಲಭವಾಗಿ ಮುಗಿಯಿತೆಂದು ಶೇಖರನೂ ಅವನ ಸಂಘದ ಮೂರ್ನಾಲ್ಕು ಜನರೂ ಕೂತರು. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರ್. ರೊಟ್ಟಿ ಬಂತು, ಪಲ್ಯ ಬಂತು, ಬಟ್ಟಲಲ್ಲಿ ಸಾರು ಬಂತು. ಆಮೇಲೆ ಏನೂ ಬರಲಿಲ್ಲ.

"ಅವ್ವಾ, ಅನ್ನ?"

"ಎಲ್ಲೀದು?"

"ಅನ್ನ, ಅವ್ವಾ! ಬರೀ ಸಾರು ಕುಡೀಬೇಕೇನು?"

"ನೀವ ಅಂದ್ರಲ್ಲಪ್ಪ, ಅನ್ನ ತೆಗಿ ಅಂತ. ತೆಗದಿಟ್ಟೀನಿ."

ಡ್ರೈವರ್ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡ. ಶೇಖರ ಕೆಂಪಗಾದ.

"ತಮಾಷಿ ಮಾಡಬ್ಯಾಡ. ನಾ ಅಂದದ್ದು ತೆಲುಗು ಅನ್ನ."

"ನಂದು ಕನ್ನಡ ಒಲಿ ಐತಪ್ಪ. ತೆಲುಗು ಅನ್ನ ಇದರ ಮ್ಯಾಲ ಹ್ಯಾಂಗ ಬೇಯಿಸ್ಲಿ?"

ಸಂಘದವನೊಬ್ಬ ಮಾತು ತಿರುಗಿಸಲು ನೋಡಿದ. ಅದು ಆಗ ಎಲ್ಲ ಕಟ್ಟೆಗಳ ಮೇಲೂ ಓಡುತ್ತಿದ್ದ ಜೋಕು. "ಅವ್ವಾ, ನಿಮ್ಮ ಹೀರೊ ಇಲ್ಲಿಗೆ ಬಂದ್ರ ಏನಂತೀ? ಬಂದಾನ ಅಂತೀಯೋ, ಬಂದಾಳ ಅಂತೀಯೋ?"

"ಬಂದಾರ ಅಂತೀನಿ. ನಿಮ್ಮಪ್ಪ ಬಂದ್ರ ನೀ ಏನಂತೀಲೇ?"

ಅವನು ಬಗ್ಗಿ ರೊಟ್ಟಿ ಮುರಿದ. ನಾನು ಇಷ್ಟು ಹೆಸರು ಬರೆದವನು, ಆ ಮಾತು ನನಗೆ ಹೊಳೆದಿರಲಿಲ್ಲ. ಮರ್ಯಾದೆ ಕೊಟ್ಟರೆ ನಮ್ಮ ಕನ್ನಡದಲ್ಲಿ ಗಂಡು ಹೆಣ್ಣಿನ ತಕರಾರೇ ಬರುವುದಿಲ್ಲ. ಊರೂರೇ ತಲೆ ಕೆರೆದುಕೊಂಡದ್ದು ವ್ಯಾಕರಣಕ್ಕಲ್ಲ, ಮರ್ಯಾದೆ ಕೊಡುವುದು ಬೇಡವಾಗಿತ್ತು, ಅಷ್ಟೇ.

ಚೆನ್ನವ್ವ ಕೈ ತೊಳೆದು ಹೊರಗೆ ಬಂದಳು. "ಬಾಲಪ್ಪಣ್ಣ, ಏಣಿ ಏರು. ರುದ್ರ ಒರಸು, ಅನ್ನ ಒರಸು."

ಏರಿದೆ. ಬಿಳಿ ಬಳಿದು ಎರಡೂ ಸಾಲಿನ 'ರುದ್ರ' ಅಳಿಸಿದೆ, 'ಅನ್ನ'ದ 'ನ್ನ' ಅಳಿಸಿದೆ. ಕೆಳಗೆ ಶೇಖರನ ಮುಖ ಸ್ವಲ್ಪ ಸಡಿಲವಾಯಿತು. ಪೂರ್ತಿ ಒರೆಸುವ ಮೊದಲೇ ಚೆನ್ನವ್ವ ಕೂಗಿದಳು, "ನಿಲ್ಲು. 'ಅ' ಇರ್ಲಿ. ಮುಂದ 'ಕ್ಕ' ಬರಿ."

"ಅಕ್ಕಾ?"

"ಹೂಂ. ಹಿಂದ ಹೆಸರು ಬರಿ, ತೇಜಸ್ವಿನಿ ಅಂತ."

"ಏಯ್ ಪೇಂಟರ್, ಇಳೀಲೇ!" ಎಂದು ಶೇಖರ ಏಣಿಗೆ ಕೈ ಹಾಕಿದ. ಚೆನ್ನವ್ವ ಏಣಿಯ ಇನ್ನೊಂದು ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಾನು ಮೇಲೆ, ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಬ್ರಷ್. ಏಣಿ ಗಡಗಡ.

"ಅನ್ನ ತೆಗಿ ಅಂದಿ, ತೆಗದೀನಿ. ಇನ್ನೇನು ನಿಂದು?"

"ಅವನ ಹೆಸರ ಬ್ಯಾಡ ಅಂತ ಹೇಳಾಕತ್ತೀನಿ!"

"ಶೇಖರಾ, ಆ ಶೂಟಿಂಗಿನ್ಯಾಗ ಎಲ್ಲಾರೂ ನನ್ನ 'ಏ ರೊಟ್ಟಿಯಾಕಿ' ಅಂತ ಕರೀತಿದ್ರು. ನೀನೂ ಅಲ್ಲಿ ಇದ್ದಿ, ನೀನೂ ಹಂಗ ಕರದಿ. ಅವರೊಬ್ಬರ ನನ್ನ ಹೆಸರು ಕೇಳಿದ್ರು. ಚೆನ್ನವ್ವ ಅಂದೆ. ಹೋಗೋ ತನಕ ಚೆನ್ನವ್ವ ಅಂತನ ಕರದ್ರು. ಈಗ ಅವರು ತಮ್ಮ ಹೆಸರು ಹೇಳ್ಯಾರ. ನಾ ಆ ಹೆಸರಿಂದ ಕರೀಬೇಕೋ, ನೀ ಹೇಳಿದ ಹೆಸರಿಂದ ಕರೀಬೇಕೋ?"

ಶೇಖರ ಏಣಿ ಬಿಟ್ಟ. "ನಾಳಿಗೆ ಜಾಗಾ ಖಾಲಿ ಆಗಬೇಕು" ಎಂದ. ಸಾರು ಹಾಗೇ ಬಿಟ್ಟು ಹೋದರು.

ನಾನು ಬರೆದು ಮುಗಿಸಿದೆ. 'ರುದ್ರ' ಇದ್ದ ಜಾಗದಲ್ಲಿ 'ತೇಜಸ್ವಿನಿ' ಹಿಡಿಸುವುದು ಸುಲಭವಿರಲಿಲ್ಲ. ಅಕ್ಷರಗಳು ಬಸ್ಸಿನ ಸೀಟಿನಲ್ಲಿ ಕೂತವರ ಹಾಗೆ ಒಂದಕ್ಕೊಂದು ಒತ್ತಿಕೊಂಡವು. ಉಸ್ತಾದರು ಇದ್ದಿದ್ದರೆ ಬ್ರಷ್ಷಿನ ಹಿಡಿ ತಿರುಗಿಸುತ್ತಿದ್ದರು. ಹಳೆಯ 'ರುದ್ರ' ಬೆಳಕು ಓರೆಯಾಗಿ ಬಿದ್ದಾಗ ಬಿಳಿ ಬಣ್ಣದ ಕೆಳಗಿಂದ ಇಣುಕುತ್ತಿತ್ತು. ಕಂಪ್ಯೂಟರಿನಲ್ಲಿ ಫ್ಲೆಕ್ಸ್ ಮಾಡುವ ಹುಡುಗರಿಗೆ ಈ ಕಷ್ಟ ಗೊತ್ತಿಲ್ಲ. ಅಲ್ಲಿ ಅಳಿಸಿದರೆ ಗುರುತೇ ಉಳಿಯುವುದಿಲ್ಲ. ಎನಾಮೆಲ್ ಹಾಗಲ್ಲ. ಮತ್ತೊಂದು ಕೋಟ್ ಕೊಡಲೇ ಎಂದೆ. "ಕಾಣ್ಲಿ ಬಿಡು. ಮೊದಲು ಅವರ ಹೆಸರು ಅದ ಇತ್ತಲ್ಲ" ಎಂದಳು ಚೆನ್ನವ್ವ.

ಶೇಖರನ ಮಾವ ಅಳಿಯನ ಮಾತನ್ನೇ ಹಿಡಿದರು. ಎಷ್ಟೋ ವರ್ಷ ಈಕೆಯ ಕೈಯಲ್ಲಿ ಉಂಡವರು. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಬೋರ್ಡ್ ಬದಲಿಸಿದರೆ ಇರಬಹುದು ಎಂದು ಮಾತ್ರ ಹೇಳಿ ಕಳಿಸಿದರು. ಬಸ್‌ಸ್ಟ್ಯಾಂಡಿನ ಅಂಗಡಿಯವರು ಒಬ್ಬೊಬ್ಬರಾಗಿ ಬಂದು ಚೆನ್ನವ್ವನಿಗೆ ಬುದ್ಧಿ ಹೇಳಿದರು. "ಹೋಗ್ಲಿ ಬಿಡವ್ವ, ಒಂದು ಹೆಸರಿನ ಸಲುವಾಗಿ ಬದುಕು ಕಳ್ಕೊಂತೀಯಾ?" ಒಂದು ಹೆಸರಿನ ಸಲುವಾಗಿ ಈಕೆಯ ಬದುಕು ಕಿತ್ತುಕೊಳ್ಳುತ್ತಿರುವವನಿಗೆ ಯಾರೂ ಹೋಗಿ ಆ ಬುದ್ಧಿ ಹೇಳಲಿಲ್ಲ.

ಚೆನ್ನವ್ವ ಬೋರ್ಡನ್ನು ತಾನೇ ನಿಂತು ಬಿಚ್ಚಿಸಿದಳು. ಪಾತ್ರೆ, ಹಂಚು, ಬೆಂಚುಗಳ ಜೊತೆ ಅದನ್ನು ಟ್ರಾಲಿ ಆಟೋದಲ್ಲಿ ಹಾಕಿದೆವು. ಮಲಗಿಸಿದರೆ ಹಿಡಿಸಲಿಲ್ಲ, ಆದ್ದರಿಂದ ನಿಲ್ಲಿಸಿ ಕಟ್ಟಿದೆವು. ಮಕ್ತಲ್ ಬಜಾರಿನ ಉದ್ದಕ್ಕೂ ಆ ಬೋರ್ಡು ಮೆರವಣಿಗೆಯ ದೇವರ ಹಾಗೆ ನೆಟ್ಟಗೆ ನಿಂತು ಹೋಯಿತು. ಜನ ಅಂಗಡಿಯಿಂದ ಹೊರಗೆ ಬಂದು ಓದಿದರು, ನಕ್ಕರು, ಫೋನು ತೆಗೆದು ಚಿತ್ರ ಹಿಡಿದರು. ಚೆನ್ನವ್ವ ಡ್ರೈವರ್ ಪಕ್ಕ ಕೂತು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಅತ್ತಿತ್ತ ನೋಡಲಿಲ್ಲ.

ನಾರ್ವ ಕ್ರಾಸಿನಲ್ಲಿ ಒಂದು ಜಾಗ ಸಿಕ್ಕಿತು. ಮೊದಲ ದಿನಗಳಲ್ಲಿ ಯಾರೂ ಬರಲಿಲ್ಲ. ಹಿಟ್ಟು ಉಳಿಯುತ್ತಿತ್ತು, ಪಲ್ಯ ಎಮ್ಮೆಗೆ ಹೋಗುತ್ತಿತ್ತು. ನಾನು ಆ ಕಡೆ ಹೋದಾಗ ಅವಳು ಖಾಲಿ ಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. "ಹೆದರಿಕಿ ಆಗತೈತೇನವ್ವ?" ಎಂದೆ. "ಆಗದ ಇರ್ತದೇನಣ್ಣ?" ಎಂದಳು. ಮೊದಲು ನಿಂತದ್ದು ಲಾರಿಯವರು. ಆಮೇಲೆ ಹತ್ತಿ ಬಿಡಿಸಲು ಗಟ್ಟು ಊರಿನ ಕಡೆ ಹೋಗುವ ಹೆಂಗಸರ ಗಾಡಿಗಳು. ಆಮೇಲೆ ಎಲ್ಲರೂ. ಇದು ತಿಳಿವಳಿಕೆ ಬಂದು ಆದದ್ದಲ್ಲ, ಯಾರೂ ಹಾಗೆ ತಿಳಿಯಬೇಡಿ. ಹಸಿವಾಗಿ ಆದದ್ದು. ನಮ್ಮ ಜನರ ತತ್ವಗಳು ಊಟದ ಹೊತ್ತಿನ ತನಕ ಗಟ್ಟಿಯಾಗಿರುತ್ತವೆ.

ಕೊನೆಯ ಸಲ ನಾನು ಅಲ್ಲಿ ಉಣ್ಣಲು ಕೂತಾಗ ಎದುರಿನ ಬೆಂಚಿನ ಮೇಲೆ ಶೇಖರನಿದ್ದ. ಜೂರಾಲ ಕಡೆ ಹೊರಟಿದ್ದನಂತೆ. ನನ್ನನ್ನು ನೋಡಿ ನೋಡದ ಹಾಗೆ ಮಾಡಿದ. ಚೆನ್ನವ್ವ ಉಳಿದವರಿಗೆ ಬಡಿಸಿದಂತೆಯೇ ಅವನಿಗೂ ಬಡಿಸಿದಳು. ಅವನ ಫೋನು ರಿಂಗಾಯಿತು. ಕೈ ಎಂಜಲು, ಎಡಗೈಯಿಂದ ಸ್ಪೀಕರ್ ಒತ್ತಿ ಬೆಂಚಿನ ಮೇಲೆ ಇಟ್ಟ. ಆಚೆಯ ದನಿ ಎಲ್ಲರಿಗೂ ಕೇಳುತ್ತಿತ್ತು.

"ಎಲ್ಲಿ ಅದೀಲೇ?"

"ನಾರ್ವ ಕ್ರಾಸಿನ್ಯಾಗ. ಉಣ್ಣಾಕತ್ತೀನಿ, ನೀನೂ ಬಾ."

"ಎರಡು ಮೆಸ್ ಅದಾವಲ್ಲ, ಯಾವುದರಾಗ?"

"ಅದ... ರೊಟ್ಟೀದು."

"ಎರಡರಾಗೂ ರೊಟ್ಟಿ ಮಾಡ್ತಾರ. ಬೋರ್ಡ್ ಏನೈತಿ ನೋಡಿ ಹೇಳು."

ಶೇಖರ ಬೋರ್ಡ್ ನೋಡಿದ. ಫೋನಿನ ಹತ್ತಿರ ಬಗ್ಗಿ ಏನೋ ಗೊಣಗಿದ. ಅಷ್ಟರಲ್ಲಿ ಕಲ್ಲು ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಬಂದವು.

"ಕೇಳವಲ್ದು! ಜೋರ ಹೇಳು!"

ಶೇಖರ ಎದ್ದು ನಿಂತ. "ತೇಜಸ್ವಿನಿ ಅಕ್ಕ ಮೆಸ್ಸೋ!" ಎಂದು ಕೂಗಿದ. ಲಾರಿ ಹಾರ್ನ್ ಹೊಡೆಯಿತು. "ತೇಜಸ್ವಿನಿ! ತೇಜಸ್ವಿನಿ ಅಕ್ಕ!"

ಕ್ರಾಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಂಚಿನ ಮೇಲಿನ ಫೋನು ಹೇಳಿತು:

"ಹಾಂ, ಅಕ್ಕನ ಮೆಸ್ಸಾ? ಹಂಗಂತ ಮೊದಲ ಹೇಳಾಕ ನಿನಗೇನಾಗಿತ್ತೋ, ಎಲ್ಲಾರಿಗೂ ಗೊತ್ತೈತಲ್ಲ!"